ಡಬ್ಬಿಯಕ್ಕನ ಏಳನೆಯ ಸಾಲು

ಡಬ್ಬಿಯಕ್ಕನಿಗೆ ಕುರ್ಚಿ ಎಂದರೆ ಎದ್ದು ಹೋಗುವ ಮೊದಲು ಸ್ವಲ್ಪ ಹೊತ್ತು ಒರಗುವ ಜಾಗ. ಕನ್ನಡಕದಂಗಡಿಯ ಮೇಲಿನ ನಾಲ್ಕು ಮೇಜಿನ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಅವಳದು, ಆದರೆ ಅಲ್ಲಿ ಅವಳು ಸಿಗುವುದು ಅಪರೂಪ. ಮೆಟ್ಟಿಲ ಮೇಲೆ ಸಿಗುತ್ತಾಳೆ, ನೀರಿನ ಕ್ಯಾನಿನ ಹತ್ತಿರ ಸಿಗುತ್ತಾಳೆ, ಇಲ್ಲವೇ ಯಾರದೋ ಬೆನ್ನ ಹಿಂದೆ ನಿಂತು ಅವರ ಪರದೆಯನ್ನು ಇಣುಕುತ್ತಿರುತ್ತಾಳೆ. ವಯಸ್ಸು ನಲವತ್ತೇಳು. ಅವಳು ಮೊದಲ ಸಲ ಕೆಲಸಕ್ಕೆ ಹೋದ ವರ್ಷ ಉಳಿದ ಮೂವರಲ್ಲಿ ಒಬ್ಬರೂ ಹುಟ್ಟಿರಲಿಲ್ಲ. ಇದನ್ನು ತಾನೇ ಹೊಸಬರಿಗೆಲ್ಲ ಹೇಳಿ, ನಗಬೇಕೋ ಬೇಡವೋ ಎಂದು ಅವರು ತಡಬಡಾಯಿಸುವುದನ್ನು ನೋಡುವುದು ಅವಳಿಗೊಂದು ಖುಷಿ.

ಆ ಹೆಸರು ಅಂಟಿಕೊಂಡದ್ದು ಅವಳು ಬರೆದ 'ಡಬ್ಬಿ' ಎಂಬ ಪ್ಲಗಿನ್‌ನಿಂದ. ಪ್ಲಗಿನ್ ಎಂದರೆ ದೊಡ್ಡ ಪ್ರೋಗ್ರಾಮಿಗೆ ಸಿಕ್ಕಿಸುವ ಪುಟ್ಟ ಪ್ರೋಗ್ರಾಮು, ಅದೇನು ದೊಡ್ಡ ಸಾಹಸವಲ್ಲ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಕಂಪ್ಯೂಟರ್ ತಾನೇ ನಡೆಸುವ ಕರಾರುಪತ್ರ. ಮೊದಲು ಅದನ್ನು ಮನುಷ್ಯರು ಓದುವ ಹಾಗೆ ಬರೆಯುತ್ತಾರೆ. ಆಮೇಲೆ ಕಂಪೈಲ್ ಮಾಡುತ್ತಾರೆ, ಅಂದರೆ ಯಂತ್ರದ ಬಾಯಿಗೆ ಹಿಡಿಸುವಂತೆ ಅರೆಯುತ್ತಾರೆ. ಆಗ ಹೊರಬೀಳುವುದೇ ಬೈಟ್‌ಕೋಡ್: ಅಂಕಿಯೂ ಅಕ್ಷರವೂ ಕಲಸಿಹೋದ, ತಲೆಬುಡ ತಿಳಿಯದ ಒಂದೇ ಉದ್ದದ ಸಾಲು. ಅದನ್ನು ಚೈನಿಗೆ, ಅಂದರೆ ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಕಾಯುವ ದಾಖಲೆಗೆ, ಒಮ್ಮೆ ಏರಿಸಿದರೆ ಮುಗಿಯಿತು. ಬರೆದವನೇ ಬಂದು ಕೈಮುಗಿದು ನಿಂತರೂ ಒಂದಕ್ಷರ ಅಲ್ಲಾಡುವುದಿಲ್ಲ. ಕಂಪೈಲರ್ ಆ ಸಾಲನ್ನು ನೂರೆಂಟು ವಿವರಗಳ ನಡುವೆ ಹೂತಿಟ್ಟಿರುತ್ತದೆ. ಡಬ್ಬಿಯ ಕೆಲಸ ಅದನ್ನಷ್ಟೇ ಹೆಕ್ಕಿ, ಹೆಸರು ಬರೆದು, ಹೇಳಿದ ಫೋಲ್ಡರಿನಲ್ಲಿ ಇಡುವುದು. ಒಟ್ಟಿನಲ್ಲಿ ಪ್ಯಾಕಿಂಗ್ ಕೆಲಸ.

ಪ್ಯಾಕಿಂಗ್ ಅವಳಿಗೆ ಹೊಸದಲ್ಲ. ಇಪ್ಪತ್ತನೆಯ ವಯಸ್ಸಿನಿಂದ ಹದಿನಾಲ್ಕು ವರ್ಷ ಅವಳು ಔಷಧಿ ಕಾರ್ಖಾನೆಯ ರಟ್ಟಿನ ಪೆಟ್ಟಿಗೆಗಳಿಗೆ ಸಿರಪ್ ಬಾಟಲಿ ತುಂಬಿದವಳು. ಮೊದಲ ದಿನ ಮೇಸ್ತ್ರಿ ಅವಳ ಕೈಗೆ ಖಾಲಿ ಪೆಟ್ಟಿಗೆ ಕೊಟ್ಟು, ಬೋರಲು ಹಾಕಿ ತಳಕ್ಕೆ ಮೂರು ಸಲ ತಟ್ಟು ಎಂದರು. "ಖಾಲಿನೇ ಇದೆಯಲ್ಲ ಸಾರ್" ಎಂದಳು ಇವಳು. "ಅದು ಕಣ್ಣು ಹೇಳಿದ್ದು. ಕೈಯನ್ನೂ ಕೇಳು" ಎಂದರು ಮೇಸ್ತ್ರಿ. ಎರಡನೆಯ ವರ್ಷ ಒಂದು ದಿನ ಮಾತಿನ ಭರದಲ್ಲಿ ತಟ್ಟಲಿಲ್ಲ. ಹಿಂದಿನ ಪಾಳಿಯ ಜ್ವರದ ಔಷಧಿಯ ಒಂದು ಬಾಟಲಿ ಕೆಮ್ಮಿನ ಔಷಧಿಯ ಜೊತೆ ಹೊರಟುಹೋಯಿತು. ಪುಣ್ಯಕ್ಕೆ ಅಂಗಡಿಯವನೇ ನೋಡಿ ಹಿಂದಕ್ಕೆ ಕಳಿಸಿದ. ಆಮೇಲೆ ಮೂರು ದಿನ ಮೇಸ್ತ್ರಿ, ಇವಳು ಇಬ್ಬರೇ ಗೋದಾಮಿನ ನೆಲದ ಮೇಲೆ ಕೂತು ಸಾವಿರದ ನೂರು ಪೆಟ್ಟಿಗೆ ಬಿಚ್ಚಿ ನೋಡಿದರು. ಅಷ್ಟು ಹೊತ್ತೂ ಅವರು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಬಹುಶಃ ಅವಳು ಮರೆತುಬಿಡುತ್ತಿದ್ದಳು.

ಕಾರ್ಖಾನೆಗೆ ತುಂಬುವ ಯಂತ್ರ ಬಂತು, ಹೆಂಗಸರು ಮನೆಗೆ ಹೋದರು. ಅಲ್ಲಿ ಇಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, ಮೂವತ್ತೊಂಬತ್ತಕ್ಕೆ ಅವಳು ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅಲ್ಲಿ ಕೊನೆಯ ಬೆಂಚಿನಲ್ಲಿ ಜೊತೆಗೆ ಸಿಕ್ಕವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದ, ಅವಳಿಗಿಂತ ನಾಲ್ಕು ವರ್ಷ ದೊಡ್ಡ ಮನುಷ್ಯ. ಐದಕ್ಕೆ ಎಂದರೆ ಐದಕ್ಕೇ ಬರುವವನು. ನಾಲ್ಕು ಐವತ್ತೆಂಟಕ್ಕೆ ಬಂದರೆ ಎರಡು ನಿಮಿಷ ಬಾಗಿಲ ಹೊರಗೆ ನಿಲ್ಲುವವನು. ಕ್ಲಾಸಿನವರು ಅವನನ್ನು ಗಡಿಯಾರ ಎಂದು ಕರೆದರು, ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗಿದ್ದ ಕೊರತೆ ಒಂದೇ. ಒಂದು ಹೆಸರನ್ನು ಹತ್ತು ಕಡೆ ಬದಲಾಯಿಸಬೇಕಾದರೆ ಒಂಬತ್ತು ಕಡೆ ಬದಲಾಯಿಸಿ, ಹತ್ತನೆಯದನ್ನು ಖಂಡಿತ ಮರೆಯುತ್ತಿದ್ದ. ಆ ಹತ್ತನೆಯದನ್ನು ಹುಡುಕಿಕೊಡುವುದು ಡಬ್ಬಿಯಕ್ಕನ ಕೆಲಸವಾಗಿತ್ತು.

ಡಬ್ಬಿಯನ್ನು ಬರೆಯುವಾಗ ಅವಳು ಮೇಸ್ತ್ರಿಯ ಮಾತನ್ನು ಮೊದಲು ಒಳಗಿಟ್ಟಳು. ಹೊಸದನ್ನು ಇಡುವ ಮುನ್ನ ಅದು ಫೋಲ್ಡರನ್ನು ಪೂರ್ತಿ ಖಾಲಿ ಮಾಡುತ್ತಿತ್ತು. ನಾಲ್ಕು ವರ್ಷದಲ್ಲಿ ಎಲ್ಲೆಲ್ಲಿಯವರೋ ಡಬ್ಬಿಯನ್ನು ಹಾಕಿಕೊಂಡರು. ಯಾರೂ ಹೊಗಳಲಿಲ್ಲ, ಯಾರೂ ತೆಗಳಲಿಲ್ಲ. ಪ್ಯಾಕಿಂಗ್ ಮಾಡುವವರನ್ನು ಎಲ್ಲಿಯೂ ಯಾರೂ ಹೊಗಳುವುದಿಲ್ಲ, ಅದು ಅವಳಿಗೆ ಅಭ್ಯಾಸವಾಗಿತ್ತು.

ಒಂದು ಸೋಮವಾರ ಅಪರಿಚಿತನೊಬ್ಬನ ಪತ್ರ ಬಂತು. ಡಬ್ಬಿ ತುಂಬುವ ಫೋಲ್ಡರಿನಲ್ಲೇ ಅವನು ತನ್ನ ಕೆಲಸದ ಟಿಪ್ಪಣಿಗಳನ್ನು ಇಟ್ಟುಕೊಂಡಿದ್ದನಂತೆ. ಡಬ್ಬಿ ಅವನ್ನೂ ಗುಡಿಸಿ ಹಾಕಿತಂತೆ. 'ನಿಮ್ಮ ಡಬ್ಬಿ ನನ್ನ ಆರು ತಿಂಗಳನ್ನು ನುಂಗಿತು. ನಾನು ನಿಮ್ಮನ್ನು ದೂರುತ್ತಿಲ್ಲ' ಎಂದು ಬರೆದಿದ್ದ. ದೂರಿದ್ದರೆ ಅವಳೂ ಎರಡು ಮಾತು ತಿರುಗಿಸಿ ಹೇಳುತ್ತಿದ್ದಳು. ದೂರುವುದಿಲ್ಲ ಎಂದದ್ದೇ ಹೊಟ್ಟೆಯಲ್ಲಿ ಕೂತುಬಿಟ್ಟಿತು.

"ಖಾಲಿ ಮಾಡೋ ಡಬ್ಬೀಲಿ ನೋಟ್ಸ್ ಇಟ್ಟವನದು ತಪ್ಪು, ನಿಂದಲ್ಲ" ಎಂದ ಗಂಡ.

"ಆರು ತಿಂಗಳು ಕಣ್ರೀ."

"ನಿಂಗೆ ಆರು ನಿಮಿಷ ಕೂರೋಕಾಗಲ್ಲ, ಅವನ ಆರು ತಿಂಗಳ ಚಿಂತೆ" ಎಂದು ಅವನು ತಟ್ಟೆ ಎತ್ತಿಕೊಂಡು ಹೋದ.

ಮೂರು ದಿನ ಅವಳು ಅಂಡು ಸುಟ್ಟ ಬೆಕ್ಕಿನ ಹಾಗೆ ಮನೆಗೂ ಆಫೀಸಿಗೂ ಓಡಾಡಿದಳು. ಗುರುವಾರ ಡಬ್ಬಿಯ ಹೊಸ ಆವೃತ್ತಿ ಹೊರಬಿತ್ತು. ಜೊತೆಗೆ ಏನೇನು ಬದಲಾಗಿದೆ ಎಂಬ ಟಿಪ್ಪಣಿ, ಏಳು ಸಾಲಿನದು. ಮೊದಲ ಆರರಲ್ಲಿ ವೇಗ ಹೆಚ್ಚಿದೆ, ಅದು ಸರಿಹೋಗಿದೆ, ಇದು ಸರಿಹೋಗಿದೆ. ಏಳನೆಯ ಸಾಲು: 'ಇನ್ನು ಮುಂದೆ ತುಂಬುವ ಮೊದಲು ಫೋಲ್ಡರ್ ಖಾಲಿಯಾಗುವುದಿಲ್ಲ, ಬೇಕಾದವರು ಕೇಳಿ ಮಾಡಿಸಿಕೊಳ್ಳಬಹುದು.' ಇಷ್ಟು ದೊಡ್ಡ ಮಾತನ್ನು ಕೊನೆಗೆ ಯಾಕೆ ಇಟ್ಟಳು? ಮೊದಲಿಗೆ ಇಟ್ಟರೆ ನಾಲ್ಕು ಜನ ಯಾಕೆಂದು ಕೇಳುತ್ತಾರೆ, ಕೇಳಿದರೆ ಉತ್ತರ ಹೇಳಬೇಕು, ಹೇಳಹೊರಟರೆ ಮೇಸ್ತ್ರಿಯ ಮುಖ ಎದುರಿಗೆ ಬರುತ್ತದೆ. ಅದಕ್ಕೇ ಏಳನೆಯದಾಗಿ ಇಟ್ಟಳು. ಬಟನ್ ಒತ್ತಿದ ಮೇಲೆ ನೀರು ಕುಡಿಯಲು ಎದ್ದವಳು ಲೋಟ ಹಿಡಿದುಕೊಂಡೇ ಕೆಳಗಿನ ಕನ್ನಡಕದಂಗಡಿಯ ತನಕ ಇಳಿದು, ಯಾಕೆ ಬಂದೆ ಎಂದು ತಿಳಿಯದೆ ಹಿಂದಿರುಗಿದಳು.

ಈಗ ಅಕ್ಕನ ವಿಷಯ. ಡಬ್ಬಿಯಕ್ಕನಿಗೂ ಒಬ್ಬಳು ಅಕ್ಕ ಇದ್ದಾಳೆ, ಎಂಟು ಮಹಡಿಯ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಮೂವತ್ತು ವರ್ಷದಿಂದ ಬಾಡಿಗೆಗೆ. ಅಲ್ಲಿನ ಅರವತ್ನಾಲ್ಕು ಮನೆಯವರು ಒಟ್ಟಾಗಿ, ಮಾಲೀಕರ ಮಕ್ಕಳಿಂದ ಆ ಕಟ್ಟಡವನ್ನು ತಮ್ಮೆಲ್ಲರ ಹೆಸರಿಗೆ ಮಾಡಿಸಿಕೊಳ್ಳುವ ಹಂತಕ್ಕೆ ಬಂದಿದ್ದರು. ಯಾರ ಮನೆಯನ್ನೂ ಮೂರರಲ್ಲಿ ಎರಡು ಪಾಲು ಮನೆಯವರು ಒಪ್ಪದೆ ಖಾಲಿ ಮಾಡಿಸುವಂತಿಲ್ಲ ಎಂಬುದು ಮುಖ್ಯ ನಿಯಮ. ಹಿಂದಿನ ಕಾರ್ಯದರ್ಶಿ ನಿಯಮದ ಪುಸ್ತಕದಿಂದ ತನಗೆ ಬೇಡವಾದ ಹಾಳೆಗಳನ್ನು ಹರಿದದ್ದರಿಂದ ಅವರಿಗೆ ಕಾಗದದ ಮೇಲೆ ನಂಬಿಕೆ ಹೋಗಿತ್ತು. "ಯಾರೂ ಹರಿಯೋಕಾಗದ ಪುಸ್ತಕ ಇದೆಯಂತಲ್ಲ, ನೀವು ಮಾಡ್ತೀರಂತಲ್ಲ, ಅದು ಬೇಕು" ಎಂದಳು ಅಕ್ಕ. ಡಬ್ಬಿಯಕ್ಕ ಗಡಿಯಾರನನ್ನು ತೋರಿಸಿದಳು. ಅವನು ಕಾಂಟ್ರ್ಯಾಕ್ಟ್ ಬರೆದುಕೊಟ್ಟ.

ಮೊದಲ ಕರಡಿಗೆ 'ಮೇಲ್ಚಾವಣಿ' ಎಂದು ಹೆಸರು. ಅದರಲ್ಲಿ ಒಬ್ಬ ಮೇಲ್ವಿಚಾರಕ ಇದ್ದ; ತುರ್ತು ಬಂದರೆ ಅವನೊಬ್ಬನೇ ನಿಯಮ ಬದಲಾಯಿಸಬಹುದಿತ್ತು. ಅದರ ಮೇಲೆ ಎರಡು ತಿಂಗಳು ಜಗಳ. ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುವಷ್ಟು. ಕೊನೆಗೆ ಹೊಸ ಡಬ್ಬಿ ಹೊರಬಿದ್ದ ಮರುದಿನ, ಶುಕ್ರವಾರ ಸಂಜೆ, ಮೇಲ್ವಿಚಾರಕನನ್ನು ಕಿತ್ತುಹಾಕುವುದೆಂದು ತೀರ್ಮಾನವಾಯಿತು. ಅಕ್ಕ ಫೋನಿನಲ್ಲಿ ಹೇಳಿದ್ದಳು: "ಆ ಹಳೇ ಹೆಸರು ಕೇಳಿದ್ರೇ ಮೈ ಉರಿಯುತ್ತೆ, ಅದೂ ಬೇಡ ಅಂತ ಎಲ್ಲರೂ ಪಟ್ಟು ಹಿಡಿದ್ರು. ಈಗ 'ಮನೆಮಂದಿ' ಅಂತ ಇಟ್ಟಿದೀವಿ. ನಾಳೆ ನಾಲ್ಕಕ್ಕೆ ಏರಿಸ್ತಾರೆ. ಐದಕ್ಕೆ ವಕೀಲರು ಅದರ ವಿಳಾಸ ಕ್ರಯಪತ್ರದಲ್ಲಿ ಬರೀತಾರೆ. ಬಾ."

ಆ ಶನಿವಾರ ಮಧ್ಯಾಹ್ನ ಡಬ್ಬಿಯಕ್ಕ ಗಂಡನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಕೂತಿದ್ದಳು ಎನ್ನುವುದು ಮಾತಿಗೆ. ಅಲ್ಲಿನ ಆರು ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಬೆಸೆದಿದ್ದರು. ಅವಳು ಕಾಲು ಅಲ್ಲಾಡಿಸಿದರೆ ಆಚೆ ತುದಿಯ ಮುದುಕಿಯೂ ಅಲ್ಲಾಡುತ್ತಿದ್ದಳು. ಗಂಡನ ಕಣ್ಣಿಗೆ ಪಾಪೆ ಅರಳುವ ಹನಿ ಹಾಕಿದ್ದರು. ಇನ್ನು ನಾಲ್ಕು ಗಂಟೆ ಅವನಿಗೆ ಲೋಕವೆಲ್ಲ ಮಂಜು.

ಎರಡು ಗಂಟೆಗೆ ಗಡಿಯಾರನ ಸಂದೇಶ ಬಂತು: 'ಹೊಸ ಡಬ್ಬಿ ಹಾಕಿಕೊಂಡೆ. ಸದ್ದಿಲ್ಲದೆ ಕೆಲಸ ಮಾಡಿತು. ನಾಲ್ಕಕ್ಕೆ ಬಾ.'

ಸದ್ದಿಲ್ಲದೆ ಎಂಬ ಮಾತನ್ನು ಎರಡು ಸಲ ಓದಿದಳು. ಗಡಿಯಾರ ಹೆಸರು ಬದಲಾಯಿಸಿದ್ದಾನೆ. ಕಾಂಟ್ರ್ಯಾಕ್ಟಿನಲ್ಲಿ ಬದಲಾಯಿಸಿದ್ದಾನೆ, ಸರಿ. ಅದನ್ನು ಚೈನಿಗೆ ಏರಿಸುವ ಇನ್ನೊಂದು ಪುಟ್ಟ ಪ್ರೋಗ್ರಾಮಿನಲ್ಲಿ? ಅದೇ ಹತ್ತನೆಯ ಜಾಗ. ಅಲ್ಲಿ ಮರೆತಿದ್ದರೆ ಆ ಪ್ರೋಗ್ರಾಮು ಇನ್ನೂ 'ಮೇಲ್ಚಾವಣಿ'ಯನ್ನೇ ಕೇಳುತ್ತದೆ. ಹಳೆಯ ಡಬ್ಬಿಯಾಗಿದ್ದರೆ ಆ ಹೆಸರಿನದನ್ನು ಗುಡಿಸಿ ಹಾಕಿರುತ್ತಿತ್ತು. ಫೈಲು ಸಿಗಲಿಲ್ಲ ಎಂದು ಪ್ರೋಗ್ರಾಮು ಕಿರುಚಿಕೊಳ್ಳುತ್ತಿತ್ತು, ಇವನು ನಾಲಿಗೆ ಕಚ್ಚಿಕೊಂಡು ಸರಿಮಾಡುತ್ತಿದ್ದ. ಈಗ ಫೋಲ್ಡರಿನಲ್ಲಿ ಎರಡೂ ಪಕ್ಕಪಕ್ಕ ಕೂತಿವೆ. ಮೇಲ್ವಿಚಾರಕನಿರುವ ಹಳೆಯದನ್ನು ಪ್ರೋಗ್ರಾಮು ತುಟಿ ಪಿಟಕ್ಕೆನ್ನದೆ ಎತ್ತಿ ಏರಿಸುತ್ತದೆ.

ತಕ್ಷಣ ಫೋನು ಮಾಡಿದಳು. ರಿಂಗು ಎರಡು ಸಲ ಆಗಿ ನಿಂತಿತು, ಆಮೇಲೆ ಸ್ವಿಚ್ ಆಫ್. ಬಸ್ಸು ಬಿಡುವ ಹೊತ್ತಿನಲ್ಲಿ ಟೈಮ್‌ಕೀಪರನ್ನು ಯಾರೂ ಮಾತಾಡಿಸಬಾರದು ಎಂಬುದು ಡಿಪೋದ ಕಟ್ಟಳೆ. ಅದನ್ನೇ ಗಡಿಯಾರ ಇಲ್ಲಿಗೂ ತಂದಿದ್ದ. ದೊಡ್ಡ ಕೆಲಸ ಇದ್ದ ದಿನ ಎರಡು ಗಂಟೆ ಮೊದಲೇ ಫೋನು ಆರಿಸಿ ಸ್ಟೀಲಿನ ಊಟದ ಡಬ್ಬಿಯಲ್ಲಿ ಹಾಕಿ ಮುಚ್ಚಿಬಿಡುತ್ತಿದ್ದ. ಅಕ್ಕನಿಗೆ ಏಳು ಸಲ ಮಾಡಿದಳು. ಅಕ್ಕ ಸಭೆ ಇದ್ದ ದಿನ ಫೋನು ಎತ್ತುವವಳಲ್ಲ.

"ಇನ್ನೂ ಎಷ್ಟು ಹೊತ್ತಾಗುತ್ತೆ ಸಿಸ್ಟರ್?"

"ಅರ್ಧ ಗಂಟೆ" ಎಂದಳು ನರ್ಸು.

ಅರ್ಧ ಗಂಟೆಯ ನಂತರವೂ ಅವಳು ಅದನ್ನೇ ಹೇಳಿದಳು. ಡಬ್ಬಿಯಕ್ಕ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು. ಮೂರು ಗಂಟೆಗೆ ಆಚೆ ತುದಿಯ ಮುದುಕಿ, "ಕೂತ್ಕೋಮ್ಮ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ" ಎಂದಳು. ಮೂರೂ ಕಾಲಿಗೆ ಗಂಡ ಕಪ್ಪು ಕಾಗದದ ಕನ್ನಡಕ ಹಾಕಿಕೊಂಡು, ಗೋಡೆ ಸವರುತ್ತಾ ಹೊರಬಂದ. ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು.

ಬಸ್ಸು ಹತ್ತಿದ ಕೂಡಲೇ ಕಂಡಕ್ಟರು ಗಂಡನನ್ನು ನೋಡಿ, ಇಬ್ಬರು ಹುಡುಗಿಯರನ್ನು ಎಬ್ಬಿಸಿ ಕುರುಡರ ಸೀಟು ಬಿಡಿಸಿಕೊಟ್ಟ. "ಪಾಪ, ಹುಟ್ಟಿದಾಗಿಂದ್ಲಾ?" ಎಂದು ಹಿಂದಿನವರೊಬ್ಬರು ಕೇಳಿದರು. "ಇಲ್ಲ, ಮದುವೆ ಆದಾಗಿಂದ" ಎಂದ ಗಂಡ. ಬೇರೆ ದಿನವಾಗಿದ್ದರೆ ಅವಳು ಅವನ ಪಕ್ಕೆ ತಿವಿಯುತ್ತಿದ್ದಳು. ಇವತ್ತು ಕಿಟಕಿಯಿಂದ ತಲೆ ಹೊರಹಾಕಿ ಮುಂದೆ ನಿಂತ ವಾಹನಗಳ ಸಾಲನ್ನು ನೋಡುತ್ತಿದ್ದಳು. ರಸ್ತೆ ಅಗೆದಿದ್ದರು. ಬಸ್ಸು ಒಂದು ಮಾರು ಹೋಗುವುದು, ನಿಲ್ಲುವುದು.

"ಏನಾಯ್ತು ಹೇಳು" ಎಂದ ಗಂಡ. ಹೇಳಿದಳು. ಅವನು, "ಹಾಗಿದ್ರೆ ಇಳಿ. ನಡೆಯೋಣ. ನನ್ನ ಕಂಬಕ್ಕೆ ಗುದ್ದಿಸಬೇಡ, ಅಷ್ಟೇ" ಎಂದ.

ಹದಿನೆಂಟು ನಿಮಿಷ ಇಬ್ಬರೂ ಓಡುನಡಿಗೆಯಲ್ಲಿ ಹೋದರು. ಹಾಕಿದ ಜಲ್ಲಿ, ತೆರೆದ ಚರಂಡಿ, ಅಂಗಡಿಯವರು ಫುಟ್‌ಪಾತಿಗೆ ಚಾಚಿದ ಬಕೆಟ್ಟು ಪೊರಕೆಗಳ ನಡುವೆ ಅವಳು ಅವನನ್ನು ಎಳೆದಳು, ತಿರುಗಿಸಿದಳು, ಎರಡು ಸಲ ಕಂಬಕ್ಕೂ ಗುದ್ದಿಸಿದಳು. ತಲೆಯೊಳಗೆ ಒಂದೇ ಲೆಕ್ಕ. ಗಡಿಯಾರ ಒಮ್ಮೆಯಾದರೂ, ಒಂದೇ ಒಂದು ಸಲ, ತಡ ಮಾಡಿರಬಾರದೇ ಎಂದು ಅವಳು ಬೇಡಿಕೊಂಡಳು.

ಅವನು ತಡ ಮಾಡಿರಲಿಲ್ಲ. ಇವರಿಬ್ಬರು ಅಕ್ಕನ ಕಟ್ಟಡದ, ಸೈಕಲ್ ನಿಲ್ಲಿಸುವ ನೆಲಮಾಳಿಗೆಯ ಸಭೆಗೆ ಕಾಲಿಟ್ಟಾಗ ನಾಲ್ಕು ಗಂಟೆ ಆರು ನಿಮಿಷ. ಗೋಡೆಗೆ ಕಟ್ಟಿದ ಬಿಳಿ ದುಪ್ಪಟಿಯ ಮೇಲೆ ಕಾಂಟ್ರ್ಯಾಕ್ಟಿನ ವಿಳಾಸ ದೊಡ್ಡದಾಗಿ ಬಿದ್ದಿತ್ತು. ಜನ ತಮ್ಮ ತಮ್ಮ ಫೋನಿನಲ್ಲಿ ಸಹಿ ಒತ್ತಲು ಸಾಲು ನಿಂತಿದ್ದರು. ಏಳು ಮನೆಯವರದು ಆಗಿತ್ತು. ಮೊದಲ ಸಹಿ ಅಕ್ಕನದೇ. ಮೈಕು ಹಿಡಿದು ಎಂಟನೆಯವರನ್ನು ಕರೆಯುತ್ತಿದ್ದಳು. ಮೂಲೆಯಲ್ಲಿ ವಕೀಲರು ಪೆನ್ನಿನ ಟೋಪಿ ತೆಗೆದು ಕೂತು, "ವಿಳಾಸ ಬರೆದುಬಿಡ್ಲಾ?" ಎಂದು ಕೇಳುತ್ತಿದ್ದರು.

ಡಬ್ಬಿಯಕ್ಕ ಗಂಡನನ್ನು ಒಂದು ಕುರ್ಚಿಗೆ ಒರಗಿಸಿ ನೇರ ಗಡಿಯಾರನ ಮೇಜಿಗೆ ಹೋದಳು.

"ಏರಿಸೋ ಪ್ರೋಗ್ರಾಮಲ್ಲಿ ಹೆಸರು ಬದಲಾಯಿಸಿದ್ಯಾ?" ಎಂದು ಕಿವಿಯ ಹತ್ತಿರ ಕೇಳಿದಳು.

"ಎಲ್ಲಾ ಕಡೆ ಬದಲಾಯಿಸಿದೆ."

"ಉದ್ದ ನೋಡು."

ಅವನು ನೋಡಿದ. ಮನೆಮಂದಿಯ ಬೈಟ್‌ಕೋಡ್ ಒಂಬತ್ತು ಸಾವಿರದ ನಾನೂರು ಅಕ್ಷರ. ಏರಿಸಿದ್ದು ಹನ್ನೊಂದು ಸಾವಿರದ ಇನ್ನೂರು. ಬೇಡವೆಂದು ಕಿತ್ತುಹಾಕಿದ ಮೇಲ್ವಿಚಾರಕ ಒಳಗೇ ಇದ್ದ. ಗಡಿಯಾರನ ಬೆರಳುಗಳು ಕೀಲಿಗಳ ಮೇಲೆ ನಿಂತುಬಿಟ್ಟವು. "ಹಳೇದು ಹೋಗಿದೆ" ಎಂದ. ಮೆಲ್ಲಗೇ ಅಂದದ್ದು. ಆದರೆ ಎಂಟನೆಯವರಿಗೆ ದಾರಿ ತೋರಿಸಲು ಅಕ್ಕ ಮೈಕನ್ನು ಅದೇ ಮೇಜಿನ ಮೇಲೆ ಇಟ್ಟಿದ್ದಳು. ಅರವತ್ನಾಲ್ಕು ಮನೆಗೂ ಕೇಳಿಸಿತು.

ಮೊದಲು ಎದ್ದವನು ಆರನೆಯ ಮಹಡಿಯ ದರ್ಜಿ. ಮಿತಭಾಷಿ, ಅದಕ್ಕೇ ಅವನು ಎದ್ದರೆ ಎಲ್ಲರೂ ಸುಮ್ಮನಾಗುತ್ತಿದ್ದರು. "ಹಳೇದ್ರಲ್ಲಿ ಏರಿಸಿದವರೇ ಮೇಲ್ವಿಚಾರಕರು ಅಂತ ಇತ್ತಲ್ವಾ?"

"ಇತ್ತು" ಎಂದ ಗಡಿಯಾರ.

"ಅಂದ್ರೆ ಈಗ ನೀವು."

"ನನ್ನದೇ ತಪ್ಪು. ಒಂದು ಕಡೆ ಹೆಸರು ಬದಲಾಯಿಸೋದು ಮರೆತೆ."

"ಮರೆತದ್ದು ಸರಿಯಾಗಿ ನಿಮ್ಮ ಕೈಗೇ ಬೀಗದ ಕೈ ತಂದು ಕೊಡ್ತಲ್ಲ. ಒಳ್ಳೇ ಮರೆವು."

ಯಾರೋ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಹಾಳೆ ಹರಿದ ಕಾರ್ಯದರ್ಶಿಯ ಮಾತು ಹಿಂದಿನ ಸಾಲಿನಲ್ಲಿ ಎದ್ದಿತು. ಅವನೂ ಹೀಗೇ ಮೆತ್ತಗಿದ್ದ, ಇವನೂ ಮೆತ್ತಗಿದ್ದಾನೆ, ಇದು ಮೊದಲೇ ಹೊಂಚಿದ್ದು ಎಂದರು. ಇಪ್ಪತ್ತಾರು ವರ್ಷ ಒಂದು ಬಸ್ಸನ್ನೂ ಒಂದು ನಿಮಿಷ ಹೆಚ್ಚುಕಡಿಮೆ ಬರೆಯದ ಮನುಷ್ಯ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ, ಮಡಚಿದ, ಮತ್ತೆ ಬಿಚ್ಚಿದ. ಅವನ ಮುಖ ಸಣ್ಣದಾಗಿತ್ತು.

ಡಬ್ಬಿಯಕ್ಕ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವಳ ತೋಳು ಹಿಡಿದಳು. "ನೀನು ಸುಮ್ನಿರು" ಎಂದಳು, ಈ ಸಲ ಮೈಕಿಗೆ ಕೈ ಅಡ್ಡ ಹಿಡಿದು. "ಅವರು ಒಪ್ಪಿಕೊಂಡಾಯ್ತಲ್ಲ. ಇನ್ನೊಂದು ಸಲ ಏರಿಸಿದ್ರೆ ಸರಿಹೋಗುತ್ತೆ. ನೀನು ನನ್ನ ತಂಗಿ ಅಂತ ಎಲ್ಲರಿಗೂ ಗೊತ್ತು, ನಿನ್ನ ಹೆಸರೂ ಬಂದ್ರೆ ನಾನು ಈ ಮೆಟ್ಟಿಲು ಹತ್ತಿ ಇಳಿಯೋದು ಹ್ಯಾಗೆ?"

ಅಕ್ಕ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೆಸರು ಮರೆತವನು ಗಡಿಯಾರನೇ. ಏಳನೆಯ ಸಾಲನ್ನು ಈ ನೆಲಮಾಳಿಗೆಯಲ್ಲಿ ಓದಿದವರು ಒಬ್ಬರೂ ಇಲ್ಲ, ಗಡಿಯಾರನೂ ಓದಿಲ್ಲ. ಅವಳು ಸುಮ್ಮನೆ ನಿಂತರೆ ಸಾಕಿತ್ತು. ಆದರೆ ಸುಮ್ಮನೆ ನಿಲ್ಲುವುದು ಅವಳಿಗೆ ಹುಟ್ಟಿದಾರಭ್ಯ ಬರದ ವಿದ್ಯೆ. ಗುರುವಾರದಿಂದ ಕಾಲು ನಿಲ್ಲದೆ ಓಡಾಡಿದ್ದು ಯಾವುದರಿಂದ ತಪ್ಪಿಸಿಕೊಳ್ಳಲು ಎಂಬುದು ಅವಳಿಗೆ ಅಲ್ಲಿ, ಅಕ್ಕನ ಬೆರಳು ತೋಳಿಗೆ ಒತ್ತುತ್ತಿದ್ದಾಗ, ಚೆನ್ನಾಗಿ ತಿಳಿಯಿತು. ಅವಳಿಗೆ ನಾಚಿಕೆಯಾಯಿತು.

ತೋಳು ಬಿಡಿಸಿಕೊಂಡು, ಮೇಜಿನ ಕೆಳಗಿದ್ದ ಕಾಗದದ ಲೋಟಗಳ ರಟ್ಟಿನ ಪೆಟ್ಟಿಗೆಯನ್ನು ಎತ್ತಿ, ಲೋಟಗಳನ್ನೆಲ್ಲ ಹೊರಗೆ ಸುರಿದಳು. ಪೆಟ್ಟಿಗೆಯನ್ನು ಬೋರಲು ಹಾಕಿ ತಳಕ್ಕೆ ಮೂರು ಸಲ ತಟ್ಟಿದಳು. ಮೈಕಿನಲ್ಲಿ ಅದು ಗುಡುಗಿನಂತೆ ಕೇಳಿಸಿತು. ಪೆಟ್ಟಿಗೆಯಿಂದ ಏನೂ ಬೀಳಲಿಲ್ಲ.

"ಇದು ಖಾಲಿ ಇತ್ತು. ಆದ್ರೂ ತಟ್ಟಬೇಕು. ನಾನು ಹದಿನಾಲ್ಕು ವರ್ಷ ತಟ್ಟಿದವಳು. ಇವರು ಬರೆದದ್ದನ್ನ ಡಬ್ಬಿಗೆ ತುಂಬಿಕೊಡೋ ಪ್ರೋಗ್ರಾಮು ನಂದು. ತುಂಬೋ ಮೊದಲು ಹಳೇದನ್ನ ತೆಗೆದುಹಾಕೋ ಕೆಲಸ ಅದರದು. ಗುರುವಾರ ನಾನು ಅದನ್ನ ನಿಲ್ಲಿಸಿದೆ. ಯಾರೋ ಒಬ್ಬರು ಬೇಜಾರು ಮಾಡ್ಕೊಂಡ್ರು ಅಂತ ನಿಲ್ಲಿಸಿದೆ. ಇವರು ಹೆಸರು ಮರೆತಿದ್ದು ನಿಜ. ಪ್ರತಿ ಸಲ ಮರೀತಾರೆ. ನನ್ನ ಡಬ್ಬಿ ಸರಿ ಇದ್ದಿದ್ರೆ ಏರಿಸೋ ಪ್ರೋಗ್ರಾಮು ಅಲ್ಲೇ ಕಿರುಚಿಕೊಂಡು ಇವರಿಗೆ ಹೇಳ್ತಿತ್ತು. ಹೇಳದ ಹಾಗೆ ಮಾಡಿದವಳು ನಾನು."

ದರ್ಜಿ ಅವಳನ್ನೇ ನೋಡುತ್ತಿದ್ದ. "ನಿಲ್ಲಿಸಿದೀನಿ ಅಂತ ಹೇಳಿದ್ರಾ ಯಾರಿಗಾದ್ರೂ?"

"ಬರೆದಿದ್ದೆ. ಏಳನೇ ಸಾಲಲ್ಲಿ."

"ಏಳನೇದ್ರಲ್ಲಿ ಯಾಕೆ?"

"ಯಾರೂ ಓದದೇ ಇರಲಿ ಅಂತ."

"ಹಾಗಾದ್ರೆ ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತು" ಎಂದ ದರ್ಜಿ.

"ಗುರುವಾರದಿಂದ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಓಡಾಡ್ತಿದ್ದೆ."

ಅಕ್ಕ ಮುಖ ತಿರುಗಿಸಿಕೊಂಡಳು. ಕಪ್ಪು ಕನ್ನಡಕದ ಗಂಡ ಮಾತ್ರ, ಏನೂ ಕಾಣದಿದ್ದರೂ, ಅವಳಿದ್ದ ದಿಕ್ಕಿಗೆ ಸರಿಯಾಗಿ ಮುಖ ಮಾಡಿ ಕೂತಿದ್ದ.

ದರ್ಜಿ ತಾನು ಕೂತಿದ್ದ ಕುರ್ಚಿಯನ್ನು ಎತ್ತಿಕೊಂಡು ಬಂದು ಗಡಿಯಾರನ ಪಕ್ಕದಲ್ಲಿ ಹಾಕಿದ. "ನೀವೂ ಕೂತ್ಕೊಳ್ಳಿ. ಇಬ್ಬರೂ ಸೇರಿ ಮಾಡಿ. ನಾವು ನೋಡ್ತೀವಿ" ಎಂದ. ಆಮೇಲೆ ಗಡಿಯಾರನಿಗೆ, ಮೈಕಿಗೆ ಕೇಳದಷ್ಟು ಮೆಲ್ಲಗೆ, "ನಾನು ಅಂದದ್ದು ಹೊಟ್ಟೆಗೆ ಹಾಕ್ಕೊಳ್ಳಿ" ಎಂದ. ಗಡಿಯಾರ ತಲೆಯಾಡಿಸಿದ, ಕರವಸ್ತ್ರವನ್ನು ಜೇಬಿಗೆ ಇಟ್ಟ.

ಡಬ್ಬಿಯಕ್ಕ ಕುರ್ಚಿಯ ತುದಿಗೆ ಕೂತಳು. ಫೋಲ್ಡರನ್ನು ದುಪ್ಪಟಿಯ ಮೇಲೆ ಎಲ್ಲರಿಗೂ ಕಾಣುವಂತೆ ತೆರೆದು, ಒಳಗಿದ್ದ ಎರಡನ್ನೂ ಅಳಿಸಿದಳು. ಗಡಿಯಾರ ಮತ್ತೆ ಕಂಪೈಲ್ ಮಾಡಿದ. ಒಂದೇ ಒಂದು ಫೈಲು ಬಂದು ಕೂತಿತು, ಮನೆಮಂದಿ. ಏರಿಸುವ ಪ್ರೋಗ್ರಾಮಿನಲ್ಲಿ ಹತ್ತನೆಯ ಜಾಗ ಹುಡುಕಿ ಹೆಸರು ಸರಿಮಾಡಿದರು.

"ತಟ್ಟಿ ಆಯ್ತಾ?" ಎಂದು ಗಡಿಯಾರ ಕೇಳಿದ.

"ಆಯ್ತು."

ನಾಲ್ಕು ಗಂಟೆ ಮೂವತ್ತೊಂದು ನಿಮಿಷಕ್ಕೆ ಹೊಸ ವಿಳಾಸ ಬಂತು. ದರ್ಜಿ ಮುಂದೆ ಬಂದು ಬೈಟ್‌ಕೋಡಿನ ಉದ್ದವನ್ನು ಗಟ್ಟಿಯಾಗಿ ಓದಿದ: ಒಂಬತ್ತು ಸಾವಿರದ ನಾನೂರು. ಐದಕ್ಕೆ ಸರಿಯಾಗಿ ವಕೀಲರು ಅದನ್ನು ಕ್ರಯಪತ್ರದಲ್ಲಿ ಬರೆದರು, ಹಳೆಯದು ಲೆಕ್ಕಕ್ಕಿಲ್ಲವೆಂದು ಕೆಳಗೆ ಸೇರಿಸಿದರು. ಅಕ್ಕ ಮತ್ತೆ ಮೊದಲ ಸಹಿ ಒತ್ತಿದಳು. ತಂಗಿಯ ಕಡೆ ನೋಡದೆಯೇ, "ತಪ್ಪಿದ್ರಲ್ಲೂ ನಾನೇ ಮೊದಲು, ಸರಿಯಾದದ್ರಲ್ಲೂ ನಾನೇ ಮೊದಲು" ಎಂದಳು. ಅದನ್ನು ಕೇಳಿ ಒಂದಿಬ್ಬರು ನಕ್ಕರು, ಅದು ಬೇರೆ ತರದ ನಗುವಾಗಿತ್ತು.

ಹಳೆಯದನ್ನು ಅಳಿಸುವ ದಾರಿಯಿಲ್ಲ. ಚೈನು ಇರುವಷ್ಟು ಕಾಲ ಅದೂ ಇರುತ್ತದೆ: ಏಳು ಸಹಿ, ಯಾರೂ ವಾಸಿಸದ ಒಂದು ಕಟ್ಟಡ, ಅದಕ್ಕೆ ಗಡಿಯಾರ ಮೇಲ್ವಿಚಾರಕ. ಆ ಹುದ್ದೆಗೆ ರಾಜೀನಾಮೆ ಕೊಡುವ ದಾರಿಯನ್ನು ಕರಡಿನಲ್ಲಿ ಯಾರೂ ಬರೆದಿರಲಿಲ್ಲ. ಡಬ್ಬಿಯಕ್ಕ ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಆಫೀಸಿನ ಮೇಜಿಗೆ ಅಂಟಿಸಿಕೊಂಡಿದ್ದಾಳೆ.

ಭಾನುವಾರ ಬೆಳಿಗ್ಗೆ ಡಬ್ಬಿಯ ಮತ್ತೊಂದು ಆವೃತ್ತಿ ಹೊರಬಂತು. ಟಿಪ್ಪಣಿಯಲ್ಲಿ ಒಂದೇ ಸಾಲು: 'ತುಂಬುವ ಮೊದಲು ಫೋಲ್ಡರ್ ಮತ್ತೆ ಖಾಲಿಯಾಗುತ್ತದೆ, ಹಿಂದಿನದು ನನ್ನ ತಪ್ಪು.' ಟಿಪ್ಪಣಿ ಕಳೆದುಕೊಂಡ ಅಪರಿಚಿತನಿಗೂ ಬರೆದಳು, ದಯವಿಟ್ಟು ನಿಮ್ಮ ಬರಹವನ್ನು ಬೇರೆ ಕಡೆ ಇಟ್ಟುಕೊಳ್ಳಿ, ಇದಕ್ಕಿಂತ ಹೆಚ್ಚು ನನ್ನಿಂದಾಗದು ಎಂದು. ಸಂಜೆಗೆ ಉತ್ತರ ಬಂತು. 'ಅಯ್ಯೋ, ಅವು ಮಂಗಳವಾರವೇ ಸಿಕ್ಕಿದ್ದವು. ಇನ್ನೊಂದು ಕಂಪ್ಯೂಟರಿನಲ್ಲಿ ಪ್ರತಿ ಇತ್ತು. ಹೇಳಲು ಮರೆತೆ.'

ಮಂಗಳವಾರ. ಅವಳು ಬಟನ್ ಒತ್ತಿದ್ದು ಗುರುವಾರ. ಆ ಎರಡು ದಿನವನ್ನು ಲೆಕ್ಕ ಹಾಕುತ್ತಾ ಅಡುಗೆಮನೆಯಿಂದ ಬಾಗಿಲಿಗೆ ಆರೇಳು ಸಲ ಓಡಾಡಿದಳು. ಉಗಿದು ಒಂದು ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಈಗ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದ ಗಂಡ ಪತ್ರ ಓದಿ ಅವಳ ತಟ್ಟೆಗೆ ಮತ್ತೊಮ್ಮೆ ಬಡಿಸಿದ. ಅವಳು ನಿಂತುಕೊಂಡೇ ಉಂಡಳು.

ಸೋಮವಾರ ಒಂಬತ್ತು ಗಂಟೆಗೆ, ಒಂಬತ್ತಕ್ಕೆ ಸರಿಯಾಗಿ, ಗಡಿಯಾರನ ಸಂದೇಶ ಬಂತು. ಶನಿವಾರದ ನಂತರ ಅವನು ಮಾತಾಡಿರಲಿಲ್ಲ, ಇವಳೂ ಕೇಳುವ ಧೈರ್ಯ ಮಾಡಿರಲಿಲ್ಲ. 'ಹೊಸ ಡಬ್ಬಿ ಹಾಕಿಕೊಂಡೆ. ಬೇಕೆಂದೇ ಹಳೆಯ ಹೆಸರು ಕೊಟ್ಟು ನೋಡಿದೆ. ಕಿರುಚಿಕೊಂಡಿತು.'

ಡಬ್ಬಿಯಕ್ಕ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಇಟ್ಟಳು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬೆನ್ನು ಒರಗಿಸಿ, ಊಟದ ಹೊತ್ತಿನ ತನಕ ಅಲ್ಲೇ ಕೂತು ಕೆಲಸ ಮಾಡಿದಳು.